ಮೀನು ತರುವ ಮೊದಲು



ನಮ್ಮ ಶಾಲೆಯ ಮೊದಲನೆಯ ಮಹಡಿಯ ಪಡಸಾಲೆಯಲ್ಲಿ, ವಾಚನಾಲಯದ ಬಾಗಿಲ ಬದಿಗೆ ಇಟ್ಟಿರುವ ಗಾಜಿನ ತೊಟ್ಟಿಯನ್ನು ನೀವೆಲ್ಲರೂ ಬಲ್ಲಿರಿ. ಬಿಡುವಿನ ಗಂಟೆ ಬಾರಿಸಿದೊಡನೆ ಅದರ ಸುತ್ತ ಮುತ್ತಿಕೊಳ್ಳುವ ನಿಮ್ಮನ್ನು ಮರಳಿ ತರಗತಿಗೆ ಕಳುಹುವುದೇ ನಮಗೊಂದು ಕೆಲಸವಾಗಿದೆ. ಇಂದು ಆ ತೊಟ್ಟಿಯಲ್ಲಿ ಎಂಟು ಗಪ್ಪಿ ಮೀನುಗಳು ನೆಮ್ಮದಿಯಿಂದ ಆಡಿಕೊಂಡಿವೆ. ಆದರೆ ಕಳೆದ ಜುಲೈ ತಿಂಗಳಲ್ಲಿ ಇದೇ ತೊಟ್ಟಿಯಲ್ಲಿ ಹತ್ತು ದಿನಗಳ ಒಳಗಾಗಿ ಆರು ಮಾಲಿ ಮೀನುಗಳು ಒಂದೊಂದಾಗಿ ಸತ್ತುದನ್ನು ನೀವು ಮರೆತಿರಲಾರಿರಿ. ಅವು ಏಕೆ ಸತ್ತುವು, ಇವು ಏಕೆ ಬದುಕಿವೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಡೆದುದನ್ನು ನೆನಪಿಗೆ ತಂದುಕೊಳ್ಳೋಣ. ನೀವು ಕೈಖರ್ಚಿನ ಹಣವನ್ನು ಉಳಿಸಿ ಕೂಡಿಸಿ ಕೊಟ್ಟ ಮೊತ್ತದಿಂದ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು ಕೊಂಡುತಂದೆವು. ಸೋಮವಾರ ಅದಕ್ಕೆ ಜಲ್ಲಿ ಹರಡಿ ನಲ್ಲಿಯ ನೀರನ್ನು ತುಂಬಿದೆವು. ಮಂಗಳವಾರ ಮೀನುಗಳನ್ನು ಬಿಟ್ಟೆವು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ದಿನಕ್ಕೊಂದು ಚಿಟಿಕೆ ಆಹಾರ ಹಾಕುವ ಹೊಣೆಯನ್ನು ಏಳನೆಯ ತರಗತಿಯ ಒಬ್ಬ ವಿದ್ಯಾರ್ಥಿಗೆ ವಹಿಸಿದೆವು. ಐದನೆಯ ದಿನ ಒಂದು ಮೀನು ಸತ್ತಿತು. ನೀರು ಕೆಟ್ಟಿರಬೇಕೆಂದು ತಿಳಿದು ನಾವು ತೊಟ್ಟಿಯನ್ನು ಬರಿದುಮಾಡಿ, ಜಲ್ಲಿಯನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಮತ್ತೆ ನಲ್ಲಿಯಿಂದಲೇ ನೀರು ತುಂಬಿದೆವು. ಮರುದಿನ ಇನ್ನೆರಡು ಸತ್ತುವು. ಇನ್ನೊಮ್ಮೆ ತೊಳೆದೆವು; ಮತ್ತೆ ಸತ್ತುವು. ಆಹಾರ ಹಾಕುವವನೇ ಅತಿಯಾಗಿ ಹಾಕಿ ಕೊಂದನೆಂದು ಎಲ್ಲರೂ ಬೆರಳು ತೋರಿದಿರಿ. ನಾವೂ ಹಾಗೆಯೇ ಭಾವಿಸಿ, ತರಗತಿಯ ಎದುರಿನಲ್ಲಿಯೇ ಅವನ ಕೈಯಿಂದ ಆಹಾರದ ಡಬ್ಬಿಯನ್ನು ತೆಗೆದುಕೊಂಡೆವು. ಅವನು ಏನನ್ನೂ ಹೇಳಲಿಲ್ಲ.

ನಾವು ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವರು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದನ್ನು ಹತ್ತಿರದಿಂದ ಕಂಡುದು ಮುಂಬಯಿಗೆ ಬಂದ ಮೇಲೆಯೇ. ಆದುದರಿಂದ ತಪ್ಪು ಎಲ್ಲಿ ಆಯಿತೆಂದು ತಿಳಿಯಲು ಪುಸ್ತಕಗಳನ್ನು ಹುಡುಕಿ ಓದಬೇಕಾಯಿತು. ಓದಿದಂತೆ ಒಂದು ವಿಷಯ ಸ್ಪಷ್ಟವಾಯಿತು. ಹೊಸ ತೊಟ್ಟಿಯ ನೀರು ಕಣ್ಣಿಗೆ ಎಷ್ಟು ತಿಳಿಯಾಗಿದ್ದರೂ ಮೀನಿಗೆ ಅಪಾಯಕರವಾಗಬಲ್ಲುದು. ಅದು ಮೀನಿನ ಮನೆಯಾಗಲು ಕೆಲವು ವಾರಗಳ ಕಾಲಾವಕಾಶ ಬೇಕು.

ಅದು ಹೇಗೆಂಬುದನ್ನು ನೋಡೋಣ. ಮೀನಿನ ಆಹಾರದಲ್ಲಿ ಪ್ರೋಟೀನು ಹೆಚ್ಚಾಗಿರುತ್ತದೆ. ಪ್ರೋಟೀನಿನಲ್ಲಿ ಸಾರಜನಕ ಇದೆ. ಮೀನು ತಿಂದುದರಲ್ಲಿ ಮೈಗೂಡದೆ ಉಳಿದ ಸಾರಜನಕವು ಬಹುಮಟ್ಟಿಗೆ ಅಮೋನಿಯದ ರೂಪದಲ್ಲಿ ಹೊರಬೀಳುತ್ತದೆ. ಅದೂ ಹೆಚ್ಚಾಗಿ ಅದು ಉಸಿರಾಡುವ ಕಿವಿರುಗಳ ಮೂಲಕವೇ. ತಿನ್ನದೆ ಉಳಿದ ಆಹಾರವೂ, ಮಲವೂ, ಉದುರಿದ ಎಲೆಯೂ ಕೊಳೆತಾಗ ಅದೇ ಅಮೋನಿಯ ಹುಟ್ಟುತ್ತದೆ. ತೊಳೆಯದ ದನದ ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ನಿಮಗೆ ಗೊತ್ತಿದೆಯಲ್ಲವೆ? ಅದು ಅಮೋನಿಯದ್ದೇ. ತೊಟ್ಟಿಯ ನೀರಿನಲ್ಲಿ ಮೂಗಿಗೆ ಸ್ವಲ್ಪವೂ ತಿಳಿಯದಷ್ಟು ಅಮೋನಿಯವಿದ್ದರೂ ಅದು ಮೀನಿನ ಕಿವಿರುಗಳನ್ನು ಕೆಡಿಸಿಬಿಡಬಲ್ಲುದು. ಅದಕ್ಕೆ ಬಣ್ಣವಿಲ್ಲ, ಆದುದರಿಂದ ಕಣ್ಣು ನಮ್ಮನ್ನು ಎಚ್ಚರಿಸುವುದಿಲ್ಲ.

ನೀರಿನ ಗುಣವನ್ನು ಅನುಸರಿಸಿ ಅಮೋನಿಯದ ವಿಷವೂ ಹೆಚ್ಚು ಕಡಮೆಯಾಗುತ್ತದೆ. ನೀರು ಆಮ್ಲವೊ ಕ್ಷಾರವೊ ಎಂಬುದನ್ನು ಪಿ.ಎಚ್. ಎಂಬ ಅಳತೆಯಿಂದ ಹೇಳುವರು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಪಿ.ಎಚ್. 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಬಹಳ ವಿಷಕರವಾದ ಭಾಗವು ನೂರಕ್ಕೆ 1ಕ್ಕಿಂತಲೂ ಕಡಮೆ, ಪಿ.ಎಚ್. 8 ಆದಾಗ ಅದೇ ಭಾಗವು ನೂರಕ್ಕೆ ಸುಮಾರು 5 ಆಗುತ್ತದೆ. ನೀರು ಬಿಸಿಯೇರಿದಷ್ಟೂ ಇದು ಇನ್ನೂ ಹೆಚ್ಚುತ್ತದೆ.

ಹಾಗಾದರೆ ನಿಮ್ಮಲ್ಲೊಂದು ಪ್ರಶ್ನೆ ಏಳಬೇಕು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ನೀವು ಕೆರೆಯನ್ನು ನೋಡಿದ್ದೀರಿ. ಕೆಲವರ ಮನೆಯ ಬಾವಿಯಲ್ಲಿಯೂ ಮೀನುಗಳನ್ನು ಕಂಡಿದ್ದೀರಿ. ಆ ಕೆರೆಯನ್ನು ಯಾರು ತೊಳೆಯುವರು? ಆ ಬಾವಿಯ ಜಲ್ಲಿಯನ್ನು ಯಾರು ತಿಕ್ಕುವರು? ಅಲ್ಲಿಯೂ ಮೀನು ತಿನ್ನುತ್ತದೆ, ಎಲೆ ಕೊಳೆಯುತ್ತದೆ, ಅಮೋನಿಯ ಹುಟ್ಟುತ್ತದೆ. ಆದರೂ ಮೀನುಗಳು ಸಾಯುವುದಿಲ್ಲ. ಅಲ್ಲಿ ನಮ್ಮ ತೊಟ್ಟಿಯಲ್ಲಿ ಇಲ್ಲದ ಯಾರೋ ಕೆಲಸ ಮಾಡುತ್ತಿರಬೇಕು. ಅವರು ಯಾರು?

ಈ ಪ್ರಶ್ನೆಗೆ ಉತ್ತರ ದೊರೆತ ಕಥೆಯಲ್ಲಿ ತಂದೆ ಮಗ ಇಬ್ಬರೂ ಬರುವರು. ಇಂಗ್ಲೆಂಡಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನಿದ್ದನು. ಅವನು ಒಂದು ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಪಟ್ಟಿಯಂತಹ ಎಲೆಗಳುಳ್ಳ ನೀರುಗಿಡವನ್ನೂ ಇರಿಸಿ, ಕೊಳೆತ ಎಲೆಯನ್ನು ತಿನ್ನಲು ಬಸವನಹುಳುಗಳನ್ನು ಸೇರಿಸಿ, ನೀರನ್ನು ಬದಲಿಸದೆಯೇ ಅವು ಬದುಕಬಲ್ಲುವೆಂದು 1850ರಲ್ಲಿ ಪ್ರಕಟಿಸಿದನು. ಮೂರೇ ವರ್ಷಗಳಲ್ಲಿ, 1853ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ಪ್ರಾರಂಭವಾಯಿತು. ನಮ್ಮ ಮುಂಬಯಿಯ ಮರೀನ್ ಡ್ರೈವಿನಲ್ಲಿ 1951ರಲ್ಲಿ ಆರಂಭವಾದ ತಾರಾಪೋರವಾಲಾ ಮತ್ಸ್ಯಾಲಯವೂ ಅದೇ ಪರಂಪರೆಯದು. ಗಿಡ, ಮೀನು, ಬಸವನಹುಳು ಈ ಮೂರರ ಪರಸ್ಪರ ನೆರವನ್ನು ವಾರಿಂಗ್ಟನ್ ಕಂಡುಕೊಂಡನು. ಆದರೆ ಕಣ್ಣಿಗೆ ಕಾಣದ ನಾಲ್ಕನೆಯ ನೆರವೊಂದು ಅವನ ಪಾತ್ರೆಯಲ್ಲಿದ್ದುದು ಅವನಿಗೆ ತಿಳಿದಿರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಉದ್ದವಾದ ಕೊಳವೆಯಲ್ಲಿ ಕಾಯಿಸಿದ ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿ, ಅದರ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಮೊದಲ 20 ದಿನಗಳಲ್ಲಿ ಅಮೋನಿಯವು ಹೇಗೆ ಹೋಯಿತೊ ಹಾಗೆಯೇ ಹೊರಬಂದಿತು. ಆ ಬಳಿಕ ನೈಟ್ರೇಟ್ ಎಂಬ ಲವಣ ಕಾಣಿಸಿಕೊಂಡಿತು. ಕ್ರಮೇಣ ಅಮೋನಿಯವೇ ಮಾಯವಾಯಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ನಡೆಯಬೇಕಾಗಿತ್ತಲ್ಲವೆ? ಅವರು ಕೊಳವೆಯೊಳಗೆ ಕ್ಲೋರೋಫಾರಂ ಆವಿಯನ್ನು ಹಾಯಿಸಿದರು. ಕೆಲಸ ನಿಂತುಹೋಯಿತು. ಆಮೇಲೆ ಒಂದಿಷ್ಟು ಮಣ್ಣನ್ನು ಕಲಸಿದ ನೀರನ್ನು ಹಾಕಿದರು. ಕೆಲಸ ಮತ್ತೆ ಮೊದಲಾಯಿತು. ಮಣ್ಣಿನಲ್ಲಿರುವ ಜೀವಿಗಳೇ ಈ ಕೆಲಸ ಮಾಡುವುವೆಂದು ಸಿದ್ಧವಾಯಿತು.

ಇದನ್ನು ಮುಂದುವರಿಸಿದವರಲ್ಲಿ ಒಬ್ಬನು ಆ ವಾರಿಂಗ್ಟನ್ನನ ಮಗ. ಅವನ ಹೆಸರೂ ರಾಬರ್ಟ್ ವಾರಿಂಗ್ಟನ್ನನೇ. ಈ ಕೆಲಸ ಎರಡು ಹಂತಗಳಲ್ಲಿ ನಡೆಯುವುದೆಂದು ಅವನು ತೋರಿಸಿದನು: ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುವುವು, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುವುವು. 1890ರ ಸುಮಾರಿಗೆ ರಷ್ಯದ ಸೆರ್ಗೆಯ್ ವಿನೊಗ್ರಾದ್‌ಸ್ಕಿ ಎಂಬ ವಿಜ್ಞಾನಿಯು ಅವುಗಳನ್ನು ಬೇರ್ಪಡಿಸಿ ಬೆಳೆಸಿದನು. ಅವು ವಿಚಿತ್ರವಾದ ಜೀವಿಗಳು. ಅಮೋನಿಯ ಅಥವಾ ನೈಟ್ರೈಟನ್ನು ಆಮ್ಲಜನಕದೊಡನೆ ಕೂಡಿಸಿ, ಅದರಿಂದ ದೊರೆಯುವ ಶಕ್ತಿಯಿಂದಲೇ ಬದುಕುವುವು. ಗಿಡಗಳಂತೆ ಇಂಗಾಲದ ಡೈಆಕ್ಸೈಡನ್ನು ಹೀರಿ ಮೈ ಕಟ್ಟಿಕೊಂಡರೂ ಅವಕ್ಕೆ ಬೆಳಕು ಬೇಕಿಲ್ಲ.

ಸಂಶೋಧನೆ ಅಲ್ಲಿಗೇ ನಿಲ್ಲಲಿಲ್ಲ. ಸಿಹಿನೀರಿನ ಮೀನುತೊಟ್ಟಿಗಳಲ್ಲಿ ಎರಡನೆಯ ಹಂತದ ಕೆಲಸ ಮಾಡುವುದು ಹಳೆಯ ಪುಸ್ತಕಗಳು ಹೇಳುತ್ತಿದ್ದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರ ಎಂದು 1998ರಲ್ಲಿ ತಿಳಿದುಬಂದಿತು. ಎರಡೂ ಹಂತಗಳನ್ನು ಒಂದೇ ಜೀವಿಯು ಮಾಡಬಲ್ಲುದೆಂದು 2015ರಲ್ಲಿ ಪ್ರಕಟವಾಯಿತು. ಮೀನಿನ ತೊಟ್ಟಿಯ ಮೂಲೆಯ ಸ್ಪಂಜಿನಲ್ಲಿಯೂ ವಿಜ್ಞಾನಿಗಳಿಗೆ ಇನ್ನೂ ಕಲಿಯುವ ವಿಷಯಗಳಿವೆ.

ಈ ಜೀವಿಗಳು ಹೊಲದ ಮಣ್ಣಿನಲ್ಲಿಯೂ ಇವೆ. ಗದ್ದೆಗೆ ಹಾಕಿದ ಗೊಬ್ಬರವನ್ನು ಪೈರಿಗೆ ಸಲ್ಲುವ ನೈಟ್ರೇಟ್ ಆಗಿ ಮಾಡುವುವು ಇವೇ. ಹಿಂದಿನ ಕಾಲದಲ್ಲಿ ಮದ್ದಿನ ಪುಡಿಗಾಗಿ ಹಳೆಯ ವಸತಿಯ ಮಣ್ಣಿನಿಂದ ತೆಗೆಯುತ್ತಿದ್ದ ಪೆಟ್ಲುಪ್ಪು ಕೂಡ ಇವುಗಳ ದುಡಿಮೆಯ ಫಲವೇ.

ಈಗ ತೊಟ್ಟಿಗೆ ಮರಳೋಣ. ಮೊದಲನೆಯ ಹಂತದ ಫಲವಾದ ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತವನ್ನು ಸೇರಿ, ಆಮ್ಲಜನಕವನ್ನು ಹೊರುವ ಕೆಂಪು ವಸ್ತುವನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಅಂತಹ ರಕ್ತವು ಆಮ್ಲಜನಕವನ್ನು ಹೊರಲಾರದು. ಆಗ ನೀರಿನಲ್ಲಿ ಸಾಕಷ್ಟು ಆಮ್ಲಜನಕವಿದ್ದರೂ ಮೀನು ಉಸಿರುಕಟ್ಟಿ ಮೇಲಕ್ಕೆ ಬಂದು ಬಾಯಿ ಬಿಡುವುದು. ಎರಡನೆಯ ಹಂತದ ಫಲವಾದ ನೈಟ್ರೇಟ್ ಇವೆರಡರಷ್ಟು ಕ್ರೂರವಲ್ಲ. ಅದನ್ನು ಗಿಡಗಳು ಸ್ವಲ್ಪ ಹೀರಿಕೊಳ್ಳುವುವು. ಉಳಿದುದನ್ನು ವಾರಕ್ಕೊಮ್ಮೆ ಸ್ವಲ್ಪ ನೀರನ್ನು ಬದಲಿಸಿ ನಾವೇ ಹೊರಹಾಕಬಹುದು.

ಈ ಎರಡು ಬಗೆಯ ಕೆಲಸಗಾರರು ತೊಟ್ಟಿಯಲ್ಲಿ ನೆಲಸುವಂತೆ ಮಾಡುವುದನ್ನು ಮೀನು ಸಾಕುವವರು ‘ಸೈಕ್ಲಿಂಗ್’ ಎನ್ನುವರು. ನೀವು ತುಳಿಯುವ ಸೈಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಸಾರಜನಕದ ಚಕ್ರ ತಿರುಗತೊಡಗಿತೆಂಬುದೇ ಇದರ ಅರ್ಥ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಇಷ್ಟು ತಡವೇಕೆ? ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಗಳು ಅನುಕೂಲ ಸ್ಥಿತಿಯಲ್ಲಿ 20 ನಿಮಿಷಗಳಲ್ಲಿ ಒಂದಕ್ಕೆ ಎರಡಾಗುವುವು. ನಮ್ಮ ಈ ಕೆಲಸಗಾರರಿಗಾದರೊ ಅರ್ಧ ದಿನವೊ ಒಂದು ದಿನವೊ, ಕೆಲವೊಮ್ಮೆ ಅದಕ್ಕೂ ಹೆಚ್ಚೊ ಬೇಕಾಗುವುದು. ಅವಸರಪಡಿಸಿದರೆ ಅವು ಬೆಳೆಯುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ಇವು ಹೆಚ್ಚಾಗಿ ನೀರಿನಲ್ಲಿ ತೇಲುತ್ತಿರುವುದಿಲ್ಲ. ಜಲ್ಲಿಗೆ, ಗಾಜಿಗೆ, ಎಲ್ಲಕ್ಕಿಂತ ಮಿಗಿಲಾಗಿ ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬದುಕುವುವು. ಈಗ ನಮ್ಮ ತಪ್ಪು ನಿಮಗೆ ಹೊಳೆದಿರಬೇಕು. ಮೊದಲ ಮೀನು ಅಮೋನಿಯದಿಂದ ಸತ್ತಿತು. ಏಕೆಂದರೆ ಅದನ್ನು ತೆಗೆಯುವವರು ಇನ್ನೂ ಬಂದಿರಲಿಲ್ಲ. ಆಮೇಲೆ ನಾವು ನಲ್ಲಿಯ ನೀರನ್ನು ನೇರವಾಗಿ ತುಂಬಿದೆವು. ರೋಗಾಣುಗಳನ್ನು ಕೊಲ್ಲಲು ನಗರದ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ನಮ್ಮ ಆರೋಗ್ಯಕ್ಕೆ ಅದು ಅವಶ್ಯಕ. ಆದರೆ ಮೀನಿನ ಕಿವಿರನ್ನು ಅದು ಸುಡುತ್ತದೆ. ಸ್ಪಂಜಿನಲ್ಲಿ ಆಗತಾನೆ ಚಿಗುರುತ್ತಿದ್ದ ನಾಲ್ಕಾರು ಕೆಲಸಗಾರರನ್ನೂ ಅದು ಕೊಂದಿತು. ನಾವು ಶುಚಿಮಾಡುತ್ತಿದ್ದೇವೆಂದು ತಿಳಿದು ಪ್ರತಿ ಸಲವೂ ತೊಟ್ಟಿಯನ್ನು ಮೊದಲ ದಿನಕ್ಕೆ ಒಯ್ದು ನಿಲ್ಲಿಸುತ್ತಿದ್ದೆವು.

ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ನಾವು ಮರಳಿ ಆರಂಭಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇವೆ. ಮನೆಯಲ್ಲಿ ತೊಟ್ಟಿ ಇಡಬೇಕೆನ್ನುವವರು ಇದನ್ನೇ ಅನುಸರಿಸಬಹುದು.

ಮೊದಲನೆಯದಾಗಿ, ತೊಟ್ಟಿಯನ್ನು ನೇರ ಬಿಸಿಲು ಬೀಳದ, ಅಲುಗಾಡದ ಮೇಜಿನ ಮೇಲಿಡಬೇಕು. ನಮ್ಮ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರಿನ ಭಾರವೇ 50 ಕಿಲೋಗ್ರಾಂ. ಜಲ್ಲಿಯನ್ನು ಬರಿಯ ನೀರಿನಲ್ಲಿ ತೊಳೆಯಬೇಕು, ಸಾಬೂನು ಸೋಕಬಾರದು.

ಎರಡನೆಯದಾಗಿ, ನಲ್ಲಿಯ ನೀರನ್ನು ಬಾಯ್ದೆರೆದ ಬಕೆಟ್ಟುಗಳಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕೆಲವು ಊರುಗಳಲ್ಲಿ ಕ್ಲೋರಿನ್ನಿಗೆ ಬದಲಾಗಿ ಹೀಗೆ ಹಾರಿಹೋಗದ ಕ್ಲೋರಮೀನ್ ಬೆರೆಸುವರು. ಅಂತಹ ಕಡೆ ಮೀನಿನ ಅಂಗಡಿಯಲ್ಲಿ ‘ಆಂಟಿ ಕ್ಲೋರಿನ್’ ಎಂದು ಮಾರುವ ದ್ರವವನ್ನು ಸೀಸೆಯ ಮೇಲೆ ಹೇಳಿದ ಪ್ರಮಾಣದಲ್ಲಿ ಹಾಕಬೇಕು.

ಮೂರನೆಯದಾಗಿ, ಫಿಲ್ಟರನ್ನು ಹಗಲಿರುಳೂ ನಡೆಸಬೇಕು. ನಮ್ಮ ಕೆಲಸಗಾರರಿಗೆ ಆಮ್ಲಜನಕ ಅತ್ಯವಶ್ಯ. ಹರಿಯುವ ನೀರೇ ಅದನ್ನು ಅವರ ಬಳಿಗೆ ಒಯ್ಯುವುದು.

ನಾಲ್ಕನೆಯದಾಗಿ, ಮೀನಿಲ್ಲದಿದ್ದರೂ ದಿನಕ್ಕೊಂದು ಚಿಟಿಕೆ ಆಹಾರವನ್ನು ನೀರಿಗೆ ಹಾಕಬೇಕು. ಬರಿಯ ನೀರಿಗೆ ಆಹಾರ ಹಾಕುವುದನ್ನು ಕಂಡು ನೀವು ನಕ್ಕಿರಿ. ಆ ಆಹಾರ ಕೊಳೆತು ಅಮೋನಿಯ ಹುಟ್ಟಬೇಕು; ಅಮೋನಿಯವೇ ಇಲ್ಲದಿದ್ದರೆ ಅದನ್ನು ಉಣ್ಣುವವರು ಬೆಳೆಯುವುದೆಂತು? ಹಳೆಯ, ಆರೋಗ್ಯವಾದ ತೊಟ್ಟಿಯೊಂದರ ಸ್ಪಂಜಿನ ತುಂಡು ಅಥವಾ ಹಿಡಿಯಷ್ಟು ಜಲ್ಲಿ ದೊರೆತರೆ, ಅದನ್ನು ಒಣಗಗೊಡದೆ ತಂದು ಹಾಕಬಹುದು. ಹಾಲಿಗೆ ಹೆಪ್ಪು ಹಾಕಿದಂತೆ ಅದು ಕೆಲಸವನ್ನು ಬೇಗ ಆಗಿಸುವುದು.

ಐದನೆಯದಾಗಿ, ಕಣ್ಣನ್ನು ನಂಬದೆ ಪರೀಕ್ಷೆಯನ್ನು ನಂಬಬೇಕು. ಅಮೋನಿಯ, ನೈಟ್ರೈಟ್, ನೈಟ್ರೇಟ್ ಈ ಮೂರನ್ನು ಬಣ್ಣದಿಂದ ತೋರಿಸುವ ಪರೀಕ್ಷಾ ದ್ರವಗಳು ಅಂಗಡಿಗಳಲ್ಲಿ ದೊರೆಯುವುವು. ಎಂಟನೆಯ ತರಗತಿಯವರು ಅವುಗಳಿಂದ ಪರೀಕ್ಷಿಸಿ ಗೋಡೆಯ ಪಟ್ಟಿಯಲ್ಲಿ ಬರೆದಿಟ್ಟುದನ್ನು ನೀವು ನೋಡಿದ್ದೀರಿ. ಮೊದಲ ವಾರದಲ್ಲಿ ಅಮೋನಿಯ ಏರುತ್ತ ಹೋಯಿತು. 12ನೆಯ ದಿನ ನೈಟ್ರೈಟ್ ಮೊದಲ ಸಲ ಕಾಣಿಸಿತು. ಅಂದಿನಿಂದ ಅಮೋನಿಯ ಇಳಿಯತೊಡಗಿತು. ನಾಲ್ಕನೆಯ ವಾರದಲ್ಲಿ ನೈಟ್ರೈಟ್ ಇಳಿದು ನೈಟ್ರೇಟ್ ಏರಿತು. 36ನೆಯ ದಿನ ಎರಡು ವಿಷಗಳೂ ಸೊನ್ನೆಗೆ ಬಂದುವು. ಮುಂದೆ ಒಂದು ವಾರದವರೆಗೆ, ಪ್ರತಿದಿನ ಆಹಾರ ಹಾಕಿದರೂ ಮರುದಿನ ಎರಡೂ ಸೊನ್ನೆಯಾಗಿಯೇ ಉಳಿದುವು. ತೊಟ್ಟಿ ಅಣಿಯಾಗಿತ್ತು. ಈ ದಿನಗಳ ಲೆಕ್ಕ ಎಲ್ಲ ತೊಟ್ಟಿಗಳಿಗೂ ಒಂದೇ ಅಲ್ಲ. ಏರುವ ಇಳಿಯುವ ಕ್ರಮ ಮಾತ್ರ ಎಲ್ಲೆಡೆಯೂ ಇದೇ.

ಆರನೆಯದಾಗಿ, ಅರ್ಧದಷ್ಟು ನೀರನ್ನು ಬದಲಿಸಿ ನೈಟ್ರೇಟನ್ನು ತಗ್ಗಿಸಿದ ಮೇಲೆ ಎರಡು ಮೂರು ಮೀನುಗಳನ್ನು ಮಾತ್ರ ಬಿಡಬೇಕು. ತಂದ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಬೆರೆಸಿ, ಅನಂತರ ಮೀನನ್ನು ಬಿಡಬೇಕು. ಮೀನು ಹೆಚ್ಚಿದಂತೆ ಕೆಲಸಗಾರರೂ ಹೆಚ್ಚಲು ಸಮಯ ಬೇಕು. ಆದುದರಿಂದ ಒಂದೆರಡು ವಾರ ಬಿಟ್ಟು ಮತ್ತೆ ಕೆಲವನ್ನು ತರಬೇಕು. ನಮ್ಮ ಎಂಟು ಗಪ್ಪಿಗಳು ಮೂರು ಕಂತುಗಳಲ್ಲಿ ಬಂದುವು.

ಆಮೇಲಿನ ಆರೈಕೆ ಸುಲಭ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು, ಕ್ಲೋರಿನ್ ಹೋದ ಹೊಸ ನೀರನ್ನು ಹಾಕಿದರೆ ಸಾಕು. ಸ್ಪಂಜು ಕಟ್ಟಿಕೊಂಡರೆ, ತೊಟ್ಟಿಯಿಂದ ತೆಗೆದ ಆ ನೀರಿನಲ್ಲಿಯೇ ಅದನ್ನು ಮೆಲ್ಲನೆ ಹಿಂಡಬೇಕು; ನಲ್ಲಿಯ ಕೆಳಗೆ ಹಿಡಿಯಬಾರದು. ಬೇಸರವಾದರೆ ಮೀನನ್ನು ಕೆರೆಗೊ ನಾಲೆಗೊ ಬಿಡಬಾರದು. ಹೊರನಾಡಿನ ಮೀನುಗಳು ಅಲ್ಲಿನ ಮೀನುಗಳಿಗೆ ಕಂಟಕವಾಗಬಲ್ಲುವು.

ಇನ್ನು ಕೊನೆಯ ಮಾತು. ಅತಿಯಾಗಿ ಆಹಾರ ಹಾಕಿದರೆ ಅಮೋನಿಯ ಹೆಚ್ಚುವುದು ನಿಜ. ಆದರೆ ಜುಲೈ ತಿಂಗಳಲ್ಲಿ ಏಳನೆಯ ತರಗತಿಯ ಆ ವಿದ್ಯಾರ್ಥಿ ಹಾಕಿದುದು ನಾವು ಹೇಳಿಕೊಟ್ಟ ಒಂದು ಚಿಟಿಕೆಯನ್ನೇ. ಅಕ್ಟೋಬರಿನಿಂದ ಆಹಾರದ ಡಬ್ಬಿ ಮತ್ತೆ ಅವನ ಕೈಯಲ್ಲಿದೆ. ಅದೇ ಕೈ, ಅದೇ ಚಿಟಿಕೆ, ಅದೇ ತೊಟ್ಟಿ. ಅಂದು ಆರು ಮೀನುಗಳಿದ್ದುವು, ಇಂದು ಎಂಟಿವೆ, ಒಂದೂ ಸತ್ತಿಲ್ಲ. ಬದಲಾದುದು ಕಾಣದ ಕೆಲಸಗಾರರು ಬಂದುದೊಂದೇ. ಅವರಿಗಾಗಿ ಕಾಯದೆ ಮೀನು ತಂದವರು ನಾವು. ತೊಳೆದು ತೊಳೆದು ಅವರನ್ನು ಓಡಿಸಿದವರೂ ನಾವು. ತಪ್ಪನ್ನು ಹುಡುಕುವ ಮೊದಲೇ ತಪ್ಪಿತಸ್ಥನನ್ನು ಹುಡುಕಿದೆವು. ತರಗತಿಯ ಎದುರಿನಲ್ಲಿ ಅವನನ್ನು ತಪ್ಪಿತಸ್ಥನೆಂದ ನಾವು, ಅದು ನಮ್ಮದೇ ತಪ್ಪೆಂದು ಇಡೀ ಶಾಲೆ ಓದುವ ಈ ಸಂಚಿಕೆಯಲ್ಲಿ ಬರೆದು ಅವನ ಕ್ಷಮೆಯನ್ನು ಬೇಡುತ್ತೇವೆ.

ನೀವು ತೊಟ್ಟಿ ಕೊಳ್ಳುವ ದಿನ ಮೀನನ್ನೂ ಕೊಳ್ಳಬೇಕೆನಿಸಿದರೆ, ಆ ಆರು ಮೀನುಗಳನ್ನು ನೆನೆದು, ಖಾಲಿ ತೊಟ್ಟಿಯೊಡನೆಯೇ ಮನೆಗೆ ಬನ್ನಿರಿ. ನೀರು ತುಂಬಿಸಿ, ಚಿಟಿಕೆ ಆಹಾರ ಹಾಕಿ, ಕಾಯಿರಿ. ಬರಬೇಕಾದವರು ಬರುವರು.